ಶಿಶುಗಳ ಅಸ್ಥಿಭಂಗವೂ ಶುಶ್ರೂಷಕಿಯ ಪರೀಕ್ಷೆಯೂ

ಪ್ರಾಯಕ್ಕೆ ಬಂದ ರೋಗಿಯು ತನ್ನ ನೋವಿನ ಎಡೆಯನ್ನೂ ಬಗೆಯನ್ನೂ ಅದು ತೊಡಗಿದ ಕಾಲವನ್ನೂ ತಾನೇ ಹೇಳಬಲ್ಲನು. ವೈದ್ಯನ ಪರೀಕ್ಷೆಯು ಬಹುಮಟ್ಟಿಗೆ ಈ ಮಾತಿನಿಂದಲೇ ಮೊದಲಾಗುವುದು. ಹುಟ್ಟಿದಂದಿನಿಂದ ಒಂದು ವರ್ಷದವರೆಗಿನ ಶಿಶುವಿನ ವಿಷಯದಲ್ಲಾದರೋ ಈ ಅನುಕೂಲವಿಲ್ಲ. ಇಂಗ್ಲಿಷಿನಲ್ಲಿ ಶಿಶುವಿಗೆ ಸಲ್ಲುವ 'ಇನ್ಫೆಂಟ್' ಎಂಬ ಪದವು ಲ್ಯಾಟಿನ್ನಿನ 'ಇನ್ಫಾನ್ಸ್' ಎಂಬುದರಿಂದ ಬಂದುದು. 'ಮಾತನಾಡದುದು' ಎಂಬುದೇ ಅದರ ಅರ್ಥ. ಮಾತನಾಡದ ಈ ರೋಗಿಯ ಎಲುಬು ಮುರಿದಾಗ ಅದನ್ನು ಕಂಡುಹಿಡಿಯುವ ಬಗೆ ಹೇಗೆ, ಆ ಕಾರ್ಯದಲ್ಲಿ ಶುಶ್ರೂಷಕಿಯ ಪಾಲು ಎಷ್ಟು, ಅವಳು ಬರೆದಿಡುವ ಮಾತಿಗೆ ಎಂಥ ಬೆಲೆಯುಂಟು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ಎರಡು ಸಾಕ್ಷಿಗಳಿವೆ. ಒಂದು ಶಿಶುವಿನ ಮೈ; ಮತ್ತೊಂದು ಅದನ್ನು ಎತ್ತಿಕೊಂಡು ಬಂದ ದೊಡ್ಡವರ ಮಾತು. ಇವೆರಡನ್ನೂ ಒಂದರೊಡನೊಂದು ಬೆರೆಸದೆ ಬೇರೆ ಬೇರೆಯಾಗಿ ಗ್ರಹಿಸಿ, ಅನಂತರ ಹೋಲಿಸಿ ನೋಡುವುದೇ ಪರೀಕ್ಷೆಯ ಜೀವಾಳ. ಈ ಹೋಲಿಕೆಯಲ್ಲಿ ತಪ್ಪಾದರೆ ಎರಡು ಬಗೆಯ ಅನರ್ಥಗಳುಂಟು. ಮುರಿದುದನ್ನು ಕಾಣದೆ ಹೋದರೆ, ಪೆಟ್ಟು ತಗುಲಿದ ಎಡೆಗೇ ಶಿಶುವನ್ನು ಹಿಂದಿರುಗಿಸಿದಂತಾಗಬಹುದು. ಕಾಣದುದನ್ನು ಕಂಡೆನೆಂದು ಬರೆದರೆ, ನಿರಪರಾಧಿಗಳಾದ ತಾಯಿತಂದೆಗಳ ಮೇಲೆ ಘೋರವಾದ ಅಪವಾದ ಬೀಳಬಹುದು.

೧. ಅಳುವೆಂಬ ಭಾಷೆ

ಮಾತಿಲ್ಲದ ಶಿಶುವಿನ ನೋವನ್ನು ತಿಳಿಯುವುದು ಹೇಗೆಂಬ ಪ್ರಶ್ನೆ ಹೊಸದಲ್ಲ. ನೇಪಾಳದಲ್ಲಿ ದೊರೆತ, ಅಪೂರ್ಣವಾದ ಪ್ರತಿಯನ್ನು ಆಧಾರವಾಗಿಟ್ಟುಕೊಂಡು ೧೯೩೮ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ಇದಕ್ಕಾಗಿಯೇ 'ವೇದನಾಧ್ಯಾಯ'ವೆಂಬ ಒಂದು ಅಧ್ಯಾಯವಿದೆ. ತಲೆನೋವಿರುವ ಮಗು ತಲೆಯನ್ನು ಅಲುಗಿಸುತ್ತ ಕಣ್ಣು ಮುಚ್ಚುವುದು, ಕಿವಿನೋವಿರುವ ಮಗು ಕೈಗಳಿಂದ ಕಿವಿಯನ್ನು ಮುಟ್ಟಿಕೊಳ್ಳುವುದು ಎಂಬಿಂಥ ಲಕ್ಷಣಗಳನ್ನು ಅಲ್ಲಿ ಒಂದೊಂದಾಗಿ ಹೇಳಿದೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿಯೂ ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿಯೂ ಇದೇ ವಿಚಾರವು ಸಂಗ್ರಹವಾಗಿ ಬಂದಿದೆ. ಶಿಶುವು ಯಾವ ಎಡೆಯನ್ನು ಮತ್ತೆ ಮತ್ತೆ ಮುಟ್ಟಿಕೊಳ್ಳುವುದೋ, ಯಾವ ಎಡೆಯನ್ನು ಇತರರು ಮುಟ್ಟಿದರೆ ಸಹಿಸದೋ, ಅಲ್ಲಿ ನೋವಿದೆಯೆಂದು ತಿಳಿಯಬೇಕು. ನೋವಿನ ತೀವ್ರತೆಯನ್ನು ಅಳುವಿನಿಂದ ಅಳೆಯಬೇಕು ಎಂಬುದು ಇವುಗಳ ಸಾರಾಂಶ. ಎಲುಬಿನ ಪೆಟ್ಟಿನ ವಿಷಯದಲ್ಲಿ ಈ ಸೂತ್ರವು ಇಂದಿಗೂ ಹಳತಾಗಿಲ್ಲ.

ಆಧುನಿಕ ಶುಶ್ರೂಷಾವಿದ್ಯೆಯಲ್ಲಿ ಕಣ್ಣಾರೆ ಕಂಡು ಗ್ರಹಿಸುವುದಕ್ಕೆ ಮೊದಲಿನಿಂದಲೂ ಹಿರಿದಾದ ಸ್ಥಾನವಿದೆ. ಫ್ಲಾರೆನ್ಸ್ ನೈಟಿಂಗೇಲರು ೧೮೫೯ರಲ್ಲಿ ಬರೆದ 'ನೋಟ್ಸ್ ಆನ್ ನರ್ಸಿಂಗ್' ಎಂಬ ಗ್ರಂಥದಲ್ಲಿ ರೋಗಿಯನ್ನು ಅವಲೋಕಿಸುವ ಕ್ರಮಕ್ಕೆ ಒಂದು ಅಧ್ಯಾಯವನ್ನೇ ಮೀಸಲಾಗಿರಿಸಿದರು. ದುಡಿಯುವ ಜನರಿಗಾಗಿ ೧೮೬೧ರಲ್ಲಿ ಹೊರತಂದ ಅದರ ಆವೃತ್ತಿಯಲ್ಲಿ ಕೂಸನ್ನು ನೋಡಿಕೊಳ್ಳುವ ವಿಷಯವಾಗಿ ಇನ್ನೊಂದು ಅಧ್ಯಾಯವನ್ನು ಸೇರಿಸಿದರು. ಅವಲೋಕನವನ್ನು ಅಂಕೆಯ ರೂಪಕ್ಕೆ ತಂದುದು ಈಚಿನ ಕಾಲದವರು. ೧೯೯೭ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸ್ಯಾಂಡ್ರಾ ಮರ್ಕೆಲ್ ಎಂಬ ಶುಶ್ರೂಷಕಿಯೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದ 'ಫ್ಲಾಕ್' ಎಂಬ ಮಾನದಂಡವು ಇವುಗಳಲ್ಲಿ ಪ್ರಸಿದ್ಧವಾದುದು. ಮುಖ, ಕಾಲು, ಮೈಯ ಚಲನೆ, ಅಳು, ಸಂತೈಸಿದರೆ ಸಮಾಧಾನಗೊಳ್ಳುವಿಕೆ ಎಂಬ ಐದು ಅಂಗಗಳಲ್ಲಿ ಒಂದೊಂದಕ್ಕೂ ೦ ಇಂದ ೨ರ ವರೆಗೆ ಅಂಕವನ್ನಿಟ್ಟು, ಒಟ್ಟು ೧೦ಕ್ಕೆ ನೋವನ್ನು ಗಣಿಸುವುದು ಇದರ ಕ್ರಮ. ಎರಡು ತಿಂಗಳಿನಿಂದ ಏಳು ವರ್ಷದವರೆಗಿನ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯ ತರುವಾಯದ ನೋವನ್ನು ಅಳೆಯುವುದಕ್ಕಾಗಿ ಹುಟ್ಟಿದ ಈ ಕ್ರಮವು ಅನಂತರ ಇತರ ನೋವುಗಳಿಗೂ ಬಳಕೆಗೆ ಬಂದಿತು.

ಆದರೂ ಅಂಕವೇ ಸರ್ವಸ್ವವೆಂದು ತಿಳಿಯಬಾರದು. ಹಸಿವಿಗೂ ಹೆದರಿಕೆಗೂ ಶಿಶುವು ಅಳುವುದು. ಎಲುಬು ಮುರಿದ ಶಿಶುವಾದರೋ ಮಿಸುಕದೆ ಮಲಗಿದ್ದರೆ ಸುಮ್ಮನಿರಬಹುದು. ಬಟ್ಟೆ ಬದಲಾಯಿಸುವಾಗ, ಎತ್ತಿಕೊಳ್ಳುವಾಗ, ನೀರೆರೆಯುವಾಗ ಮಾತ್ರ ಚೀರಬಹುದು. ಆದುದರಿಂದ 'ಅಳುತ್ತಿದೆ' ಎಂಬ ಬರವಣಿಗೆಗಿಂತ 'ಎಡದ ಕಾಲನ್ನು ಎತ್ತಿದಾಗ ಅಳುತ್ತದೆ, ಬಿಟ್ಟಾಗ ನಿಲ್ಲುತ್ತದೆ' ಎಂಬ ಬರವಣಿಗೆಯು ಎಷ್ಟೋ ಮೇಲಾದುದು.

೨. ಎಳೆಯ ಎಲುಬಿನ ಸ್ವಭಾವ

ಶಿಶುವಿನ ಎಲುಬು ದೊಡ್ಡವರ ಎಲುಬಿನ ಕಿರಿಯ ಪ್ರತಿರೂಪವಲ್ಲ. ಅದರಲ್ಲಿ ಮೃದ್ವಸ್ಥಿಯ ಭಾಗ ಹೆಚ್ಚು, ಹೊರಪೊರೆ ದಪ್ಪ, ಬಾಗುವ ಗುಣ ಅಧಿಕ. ಹುಟ್ಟುವಾಗ ಸುಮಾರು ೩೦೦ರಷ್ಟಿರುವ ಎಲುಬಿನ ತುಂಡುಗಳು ಬೆಳೆಯುತ್ತ ಕೂಡಿಕೊಂಡು ಪ್ರಾಯದಲ್ಲಿ ೨೦೬ ಆಗುವುವು. ಹಸಿಯ ಕಡ್ಡಿಯನ್ನು ಬಗ್ಗಿಸಿದರೆ ಒಂದು ಮಗ್ಗುಲು ಸೀಳಿ ಮತ್ತೊಂದು ಮಗ್ಗುಲು ಕೂಡಿಕೊಂಡೇ ಇರುವಂತೆ ಎಳೆಯ ಎಲುಬು ಅರೆಯಾಗಿ ಮುರಿಯಬಹುದು. ಒತ್ತಡದಿಂದ ಒಂದೆಡೆ ಉಬ್ಬಬಹುದು. ಇಲ್ಲವೆ ಬಿರುಕೇ ಕಾಣದಂತೆ ಬಾಗಿಬಿಡಬಹುದು.

ಸುಶ್ರುತನು ನಿದಾನಸ್ಥಾನದ ೧೫ನೆಯ ಅಧ್ಯಾಯದಲ್ಲಿ ಭಂಗಗಳನ್ನು ಸಂಧಿಮುಕ್ತವೆಂದೂ ಕಾಂಡಭಗ್ನವೆಂದೂ ಎರಡಾಗಿ ವಿಂಗಡಿಸಿ, ಮೊದಲನೆಯದರಲ್ಲಿ ೬, ಎರಡನೆಯದರಲ್ಲಿ ೧೨ ಪ್ರಭೇದಗಳನ್ನು ಹೇಳಿರುವನು. ಈ ಹನ್ನೆರಡರಲ್ಲಿ 'ವಕ್ರ'ವೆಂಬುದೊಂದು. ಎಲುಬು ಬಾಗಿಯೂ ಬೇರ್ಪಡದೆ ಇರುವ ಸ್ಥಿತಿಯೇ ಇದು. ಶಿಶುಗಳಲ್ಲಿ ಕಾಣುವ ಬಾಗಿದ ಎಲುಬಿಗೆ ಈ ಲಕ್ಷಣವು ಚೆನ್ನಾಗಿ ಹೊಂದುವುದು. ಎಳೆಯ ವಯಸ್ಸಿನಲ್ಲಿ ಮುರಿದುದು ಒಂದು ತಿಂಗಳಿನಲ್ಲಿಯೂ, ನಡುವಯಸ್ಸಿನಲ್ಲಿ ಅದರ ಎರಡರಷ್ಟು, ಮುಪ್ಪಿನಲ್ಲಿ ಮೂರರಷ್ಟು ಕಾಲದಲ್ಲಿಯೂ ಕೂಡುವುದೆಂದು ಚಿಕಿತ್ಸಾಸ್ಥಾನದಲ್ಲಿ ಹೇಳಿದೆ. ವಯಸ್ಸು ಕಿರಿದಾದಷ್ಟೂ ಕೂಡಿಕೆ ಶೀಘ್ರವೆಂಬ ತತ್ತ್ವವನ್ನು ಇಂದಿನ ವಿಜ್ಞಾನವೂ ಒಪ್ಪುವುದು.

ಈ ಶೀಘ್ರತೆಯು ಒಂದು ವರವಾದರೂ ಪರೀಕ್ಷಕರಿಗೆ ಒಂದು ತೊಡಕೂ ಹೌದು. ಹೊಸದಾಗಿ ಆದ ಸಣ್ಣ ಬಿರುಕು ಮೊದಲ ದಿನದ ಕ್ಷ-ಕಿರಣ ಚಿತ್ರದಲ್ಲಿ ಕಾಣದೆ ಹೋಗಬಹುದು. ಒಂದೆರಡು ವಾರಗಳಾದ ಮೇಲೆ ಹೊರಪೊರೆಯಡಿಯಲ್ಲಿ ಹೊಸ ಎಲುಬು ಮೂಡಿದಾಗ ಅದು ಸ್ಪಷ್ಟವಾಗುವುದು. ಇನ್ನೂ ಕೆಲವು ಕಾಲ ಕಳೆದರೆ ಮುರಿದ ಗುರುತೇ ಅಳಿದುಹೋಗಬಹುದು. ಹೀಗೆ ಶಿಶುವಿನ ಎಲುಬಿನ ಮೇಲಿನ ಬರಹವು ಕೆಲಕಾಲ ಮಾತ್ರ ಓದಲು ಸಿಕ್ಕುವಂಥದು.

೩. ಮೈಯ ಪರೀಕ್ಷೆ

ಶಿಶುವು ಬಂದೊಡನೆ ಮೊದಲು ನೋಡತಕ್ಕದ್ದು ಎಲುಬನ್ನಲ್ಲ, ಉಸಿರನ್ನು. ಉಸಿರಾಟ, ಮೈಬಣ್ಣ, ನಾಡಿ, ಎಚ್ಚರ, ಮೈಶಾಖ ಇವುಗಳನ್ನು ನೋಡಿ ಪ್ರಾಣಕ್ಕೆ ಅಪಾಯವಿಲ್ಲವೆಂದು ಖಚಿತವಾದ ಮೇಲೆ ಉಳಿದ ಪರೀಕ್ಷೆ. ಶಿಶುವಿನ ಮೈಯಲ್ಲಿರುವ ರಕ್ತವು ತೂಕದ ಕಿಲೋಗ್ರಾಮಿಗೆ ಸುಮಾರು ೮೦ ಮಿಲಿಲೀಟರಿನಷ್ಟು ಮಾತ್ರ; ಐದು ಕಿಲೋ ತೂಕದ ಕೂಸಿಗೆ ಅದು ಅರ್ಧ ಲೀಟರನ್ನು ಮುಟ್ಟುವುದಿಲ್ಲ. ತೊಡೆಯೆಲುಬು ಮುರಿದು ಒಳಗೆ ಸೋರಿದ ರಕ್ತವು ದೊಡ್ಡವರಲ್ಲಿ ಅಲ್ಪವೆನಿಸಿದರೂ ಶಿಶುವಿನಲ್ಲಿ ಅಲ್ಪವಲ್ಲ.

ಅನಂತರ ಶಿಶುವನ್ನು ತಾಯಿಯ ತೊಡೆಯ ಮೇಲೆಯೇ ಇರಿಸಿಕೊಂಡು, ಮುಟ್ಟುವುದಕ್ಕೆ ಮುಂಚೆ ದೂರದಿಂದಲೇ ಸ್ವಲ್ಪ ಹೊತ್ತು ನೋಡಬೇಕು. ಯಾವ ಕೈಯನ್ನು ಆಡಿಸುತ್ತಿದೆ, ಯಾವುದನ್ನು ಆಡಿಸುತ್ತಿಲ್ಲ. ಕಾಲುಗಳೆರಡೂ ಸಮವಾಗಿ ಒದೆಯುತ್ತಿವೆಯೆ. ಹಾಲು ಕುಡಿಯುವಾಗ ಒಂದು ಮಗ್ಗುಲಲ್ಲಿ ಮಾತ್ರ ಮಲಗಲು ಒಪ್ಪುತ್ತದೆಯೆ ಎಂಬುವು ಈ ನೋಟದಿಂದಲೇ ತಿಳಿಯುವುವು. ನರಕ್ಕೆ ಹಾನಿಯಿಲ್ಲದಿದ್ದರೂ ನೋವಿನ ಭಯದಿಂದ ಶಿಶುವು ಅಂಗವನ್ನು ಆಡಿಸದೆ ಇರುವುದನ್ನು ವೈದ್ಯರು ಹುಸಿ ಪಾರ್ಶ್ವವಾಯುವೆಂದು ಕರೆಯುವರು. ಇದು ಅಸ್ಥಿಭಂಗದ ಮುಖ್ಯ ಸೂಚನೆ. ಆದರೆ ಎಲುಬಿನ ಅಥವಾ ಕೀಲಿನ ಕೀವಿನಲ್ಲಿಯೂ ಇದೇ ಲಕ್ಷಣವುಂಟು. ಜ್ವರವಿದ್ದರೆ ಅದನ್ನು ಎಂದಿಗೂ ಕಡೆಗಣಿಸಬಾರದು.

ಮೂರನೆಯದು ಸ್ಪರ್ಶ. ಬಟ್ಟೆಗಳನ್ನೆಲ್ಲ ತೆಗೆದು, ಮೈ ತಣ್ಣಗಾಗದಂತೆ ಎಚ್ಚರವಹಿಸಿ, ನೆತ್ತಿಯಿಂದ ಅಂಗಾಲಿನವರೆಗೆ, ಬೆನ್ನು, ಕಿವಿಯ ಹಿಂಭಾಗ, ಬಾಯಿಯ ಒಳಗು ಸಹ ನೋಡತಕ್ಕದ್ದು. ನೋವಿಲ್ಲದ ಮಗ್ಗುಲನ್ನು ಮೊದಲು ಮುಟ್ಟಿ, ಶಂಕೆಯಿರುವ ಎಡೆಯನ್ನು ಕಡೆಗೆ ಮುಟ್ಟಬೇಕು. ಮೊದಲೇ ನೋಯಿಸಿದರೆ ಮುಂದಿನ ಅಳುವು ಯಾವ ಅರ್ಥವನ್ನೂ ಕೊಡಲಾರದು. ಮುರಿದ ತುದಿಗಳು ಉಜ್ಜುವ ಸದ್ದನ್ನು ಕೇಳಬೇಕೆಂದು ಅಂಗವನ್ನು ಅಲುಗಿಸುವುದು ಸರ್ವಥಾ ಕೂಡದು. ಊತ, ಶಾಖ, ಆಕಾರದ ವ್ಯತ್ಯಾಸ, ಎರಡು ಕಾಲುಗಳ ಉದ್ದದಲ್ಲಿ ಭೇದ, ಕಂದಿದ ಗುರುತು, ಇವುಗಳನ್ನು ಅಳತೆಯೊಡನೆ ಬರೆಯಬೇಕು. ತನ್ನಷ್ಟಕ್ಕೆ ತಾನು ಹೊರಳಲೂ ಅರಿಯದ ಶಿಶುವಿನ ಮೈಮೇಲೆ, ಅದರಲ್ಲಿಯೂ ಎದೆಹೊಟ್ಟೆಬೆನ್ನುಗಳಲ್ಲಿ, ಕಿವಿಯಲ್ಲಿ, ಕತ್ತಿನಲ್ಲಿ ಕಾಣುವ ಕಂದುಗುರುತು ಎಷ್ಟು ಚಿಕ್ಕದಾದರೂ ಗಮನಾರ್ಹವಾದುದು.

ನಾಲ್ಕನೆಯದು, ಮುರಿದ ಎಡೆಯಿಂದ ಆಚೆಗಿನ ಅಂಗದ ರಕ್ತಸಂಚಾರ. ಬೆರಳುಗಳ ಬಣ್ಣ, ಬಿಸುಪು, ನಾಡಿ, ಚಲನೆ ಇವುಗಳನ್ನು ಎರಡು ಕಡೆಯೂ ಹೋಲಿಸಬೇಕು. ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡುಗಳೊಳಗೆ ಕೆಂಪು ಮರಳಬೇಕು. ಜೋಮು ಹಿಡಿದಿದೆಯೆಂದು ದೊಡ್ಡವರು ಹೇಳಬಲ್ಲರು, ಶಿಶುವು ಹೇಳಲಾರದು. ಪಟ್ಟಿ ಕಟ್ಟಿದ ಮೇಲೆ ಶಿಶುವಿನ ಕಳವಳ ಹೆಚ್ಚುತ್ತಿದ್ದರೆ, ಚಡಪಡಿಕೆ ಏರುತ್ತಿದ್ದರೆ, ನೋವಿನ ಔಷಧವನ್ನು ಮತ್ತೆ ಮತ್ತೆ ಕೊಡಬೇಕಾಗಿ ಬಂದರೆ, ಒಳಗಿನ ಒತ್ತಡದಿಂದ ಮಾಂಸಕ್ಕೆ ರಕ್ತ ನಿಲ್ಲುತ್ತಿದೆಯೆಂದು ಶಂಕಿಸಿ ಒಡನೆ ವೈದ್ಯರನ್ನು ಕರೆಯಬೇಕು. ನಮ್ಮ ನಾಡಿನಲ್ಲಿ ಎಷ್ಟೋ ಕೂಸುಗಳು ಆಸ್ಪತ್ರೆಗೆ ಬರುವ ಮುನ್ನವೇ ನಾಟಿ ವೈದ್ಯರ ಕಟ್ಟಿನೊಡನೆ ಬರುವುವು. ಬಿದಿರಿನ ದಬ್ಬೆಯನ್ನಿಟ್ಟು ಬಿಗಿದ ಕಟ್ಟು ಎಳೆಯ ಅಂಗದ ರಕ್ತವನ್ನು ತಡೆದು ಕೇಡನ್ನುಂಟುಮಾಡಬಲ್ಲದು. ಅಂಥ ಕಟ್ಟನ್ನು ಬಿಚ್ಚಿಸಿ ಒಳಗನ್ನು ನೋಡುವವರೆಗೆ ಪರೀಕ್ಷೆಯು ಮುಗಿದಂತಲ್ಲ.

ನೋವನ್ನು ಅಳೆದು ಸುಮ್ಮನಿರುವುದು ಪರೀಕ್ಷೆಯಲ್ಲ. ಅಂಗವನ್ನು ಅಲುಗದಂತೆ ಆತು ಹಿಡಿಯುವುದು, ವೈದ್ಯರ ಆಜ್ಞೆಯಂತೆ ತೂಕಕ್ಕೆ ತಕ್ಕ ಔಷಧವನ್ನು ಕೊಡುವುದು, ಶಸ್ತ್ರಚಿಕಿತ್ಸೆಯ ನಿರೀಕ್ಷೆಯಿಲ್ಲದಿದ್ದರೆ ಎದೆಹಾಲು ಕುಡಿಸಗೊಡುವುದು, ಮತ್ತೆ ಅದೇ ಮಾನದಂಡದಿಂದ ಅಳೆಯುವುದು, ಇವೆಲ್ಲವೂ ಅದರ ಅಂಗಗಳೇ.

೪. ಹೆರಿಗೆಯಲ್ಲಿ ಆಗುವ ಭಂಗಗಳು

ಶಿಶುವಿನ ಎಲುಬು ಜನನಕಾಲದಲ್ಲಿಯೇ ಮುರಿಯುವುದುಂಟು. ಇವುಗಳಲ್ಲಿ ಕತ್ತಿಗೂ ಹೆಗಲಿಗೂ ನಡುವಣ ಕೊರಳೆಲುಬು ಮುರಿಯುವುದೇ ಹೆಚ್ಚು. ಶಿಶುವು ದೊಡ್ಡದಾಗಿ ಹೆಗಲು ಸಿಕ್ಕಿಕೊಂಡಾಗ ಇದು ಸಂಭವಿಸುವುದು. ತೋಳಿನ ಎಲುಬೂ ತೊಡೆಯೆಲುಬೂ ವಿರಳವಾಗಿ ಮುರಿಯುವುವು. ಬೆಚ್ಚಿಬಿದ್ದ ಶಿಶುವು ಎರಡು ಕೈಗಳನ್ನೂ ಅಗಲಿಸಿ ಮತ್ತೆ ಮಡಚಿಕೊಳ್ಳುವುದು ಸಹಜವಾದ ಪ್ರತಿಕ್ರಿಯೆ. ಜರ್ಮನಿಯ ಮಕ್ಕಳ ವೈದ್ಯ ಅರ್ನ್‌ಸ್ಟ್ ಮೋರೋ ೧೯೧೮ರಲ್ಲಿ ಇದನ್ನು ವರ್ಣಿಸಿದುದರಿಂದ ಅವನ ಹೆಸರಿನಿಂದಲೇ ಇದು ಪ್ರಸಿದ್ಧವಾಗಿದೆ. ಒಂದು ಕೈ ಮಾತ್ರ ಅಗಲಿ ಮತ್ತೊಂದು ಸುಮ್ಮನಿದ್ದರೆ ಕೊರಳೆಲುಬಿನ ಭಂಗವನ್ನಾಗಲಿ ತೋಳಿನ ನರಗಳ ಹಾನಿಯನ್ನಾಗಲಿ ಶಂಕಿಸಬೇಕು.

ಕೊರಳೆಲುಬಿನ ಭಂಗವು ಹುಟ್ಟಿದ ದಿನ ಕಣ್ಣಿಗೆ ಬೀಳದೆ ಹೋಗುವುದೂ ಸಾಮಾನ್ಯ. ಏಳರಿಂದ ಹತ್ತು ದಿನಗಳೊಳಗೆ, ವೈದ್ಯರು ಕ್ಯಾಲಸ್ ಎಂದು ಕರೆಯುವ ಹೊಸ ಎಲುಬಿನ ಗಂಟು ಬೆರಳಿಗೆ ಸಿಕ್ಕಿದಾಗ ತಾಯಿಯಾಗಲಿ ನೀರೆರೆಯುವ ಅಜ್ಜಿಯಾಗಲಿ ಗಾಬರಿಗೊಂಡು ಬರುವರು. ಆ ಗಂಟು ವಾಸಿಯಾಗುತ್ತಿರುವ ಗುರುತೇ ಹೊರತು ಹೊಸ ಕೇಡಲ್ಲ. ಈ ಕಾಲಮಾನವನ್ನು ಅರಿತಿರುವುದು ಅತ್ಯವಶ್ಯಕ. ಹುಟ್ಟಿ ಎರಡು ವಾರಗಳು ಕಳೆದರೂ ಗಂಟಿನ ಸುಳಿವೇ ಇಲ್ಲದ ಹಸಿಯ ಭಂಗವು ಚಿತ್ರದಲ್ಲಿ ಕಂಡರೆ ಅದು ಹೆರಿಗೆಯಲ್ಲಿ ಆದುದೆಂದು ಹೇಳುವುದು ಕಷ್ಟ. ಹಾಗೆಯೇ ಹೆರಿಗೆಯಲ್ಲಿ ಆದುದನ್ನು ಮನೆಯವರ ತಲೆಗೆ ಕಟ್ಟುವುದೂ ಅನ್ಯಾಯ.

೫. ದೊಡ್ಡವರ ಮಾತು

ಮೈಯ ಸಾಕ್ಷಿ ಹೀಗಾಯಿತು. ಇನ್ನು ಮಾತಿನ ಸಾಕ್ಷಿ. ಏನಾಯಿತು, ಯಾವಾಗ, ಎಲ್ಲಿ, ಎಷ್ಟು ಎತ್ತರದಿಂದ, ಯಾವ ನೆಲದ ಮೇಲೆ, ಯಾರು ಕಂಡರು, ಆ ಕೂಡಲೆ ಶಿಶುವು ಹೇಗಿದ್ದಿತು, ಅಂಗವನ್ನು ಆಡಿಸುವುದನ್ನು ಯಾವಾಗ ಬಿಟ್ಟಿತು, ಆ ಮೇಲೆ ಏನು ಮಾಡಿದಿರಿ, ಎಂಬ ಪ್ರಶ್ನೆಗಳನ್ನು ಸಮಾಧಾನದಿಂದ ಕೇಳಬೇಕು. 'ಮಂಚದಿಂದ ಬಿತ್ತೆ?' ಎಂದು ಕೇಳಿದರೆ ಉತ್ತರವನ್ನು ಕೇಳುವವಳೇ ಒದಗಿಸಿದಂತಾಗುವುದು. 'ಏನಾಯಿತಮ್ಮ, ಹೇಳಿ' ಎಂದು ಕೇಳುವುದೇ ತಕ್ಕುದು. ನಮ್ಮ ಮನೆಗಳಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆಯುವವರು ಅನೇಕವೇಳೆ ತಾಯಿಯಲ್ಲ, ಅಜ್ಜಿ ಅಥವಾ ಅದಕ್ಕೆಂದೇ ಬರುವ ಹೆಂಗಸು. ಕೂಸಿನ ಮೈಯನ್ನು ದಿನವೂ ಅಂಗುಲ ಅಂಗುಲವಾಗಿ ಮುಟ್ಟುವ ಆಕೆಯನ್ನು ಕೇಳದೆ ವೃತ್ತಾಂತವು ಪೂರ್ಣವಾಗದು.

ಕೇಳಿದುದನ್ನು ಬರೆಯುವಲ್ಲಿ ಭಾಷೆಯನ್ನು ಬಲ್ಲವರು ಗಮನಿಸಬೇಕಾದ ಒಂದು ವಿಷಯವಿದೆ. ಕನ್ನಡದ ಕ್ರಿಯಾಪದವು ಹೇಳುವವನ ಅರಿವಿನ ಮೂಲವನ್ನೂ ಕರ್ತೃತ್ವವನ್ನೂ ಪ್ರತ್ಯಯಗಳಿಂದಲೇ ಸೂಚಿಸಬಲ್ಲದು. 'ಮಗು ಬಿತ್ತು' ಎಂದರೆ ನಡೆದುದನ್ನು ನಿಶ್ಚಿತವಾಗಿ ಹೇಳಿದ ಮಾತು. 'ಬಿತ್ತಂತೆ' ಎಂದರೆ ಇನ್ನೊಬ್ಬರಿಂದ ಕೇಳಿದುದು. 'ಬಿದ್ದಿರಬೇಕು' ಎಂದರೆ ಯಾರೂ ಕಾಣದೆ ಊಹಿಸಿದುದು. 'ಕೈಜಾರಿತು' ಎಂಬಲ್ಲಿ ಎತ್ತಿಕೊಂಡವರೊಬ್ಬರು ಇದ್ದರೆಂಬುದು ಅಡಗಿದೆ. 'ಬೀಳಿಸಿಬಿಟ್ಟೆ' ಎಂಬಲ್ಲಿ ಅವರೇ ಅದನ್ನು ಒಪ್ಪಿಕೊಂಡಿದ್ದಾರೆ. 'ಉಳುಕಿದೆ' ಎಂಬ ಮಾತಿನಲ್ಲಿ ಬೀಳುವಿಕೆಯ ಪ್ರಸ್ತಾಪವೇ ಇಲ್ಲ. ಆಸ್ಪತ್ರೆಯ ಕಾಗದಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಈ ಆರು ಮಾತುಗಳೂ 'ಬಿದ್ದ ವೃತ್ತಾಂತವಿದೆ' ಎಂಬ ಒಂದೇ ಇಂಗ್ಲಿಷ್ ವಾಕ್ಯವಾಗಿ ಮಾರ್ಪಡುವ ಸಂಭವವುಂಟು. ಹಾಗಾದರೆ ಕಂಡ ಸಾಕ್ಷಿ, ಕೇಳಿದ ಸಾಕ್ಷಿ, ಊಹೆ ಇವುಗಳ ಭೇದವು ಬರವಣಿಗೆಯಲ್ಲಿಯೇ ಲೋಪವಾಗಿಹೋಗುವುದು. ಆದಕಾರಣ ಹೇಳಿದವರ ಮಾತನ್ನು ಅವರ ಮಾತಿನಲ್ಲಿಯೇ, ಯಾರು ಹೇಳಿದರೆಂಬುದರೊಡನೆ ಬರೆದು, ಬೇಕಾದರೆ ಅದರ ಪಕ್ಕದಲ್ಲಿ ಇಂಗ್ಲಿಷನ್ನು ಬರೆಯುವುದು ಕ್ಷೇಮ. 'ದೀಪ ಹಚ್ಚುವ ಹೊತ್ತು' ಎಂದವರ ಮಾತನ್ನು ಹಾಗೆಯೇ ಇರಿಸಿ ಗಂಟೆಯನ್ನು ಬೇರೆಯಾಗಿ ಸೂಚಿಸಬೇಕು. ಆದರೆ ಇದರಿಂದ ಮಾತಿನ ರೂಪವನ್ನು ನೋಡಿಯೇ ತಪ್ಪಿತಸ್ಥರನ್ನು ಗುರುತಿಸಬಹುದೆಂದು ಭಾವಿಸಕೂಡದು. ಹೆದರಿದ ತಾಯಿಯು ಕಂಡುದನ್ನೂ 'ಇರಬೇಕು' ಎಂದು ಹೇಳಬಹುದು.

ಮಾತು ಮೈಗೆ ಹೊಂದುವುದೋ ಎಂಬುದನ್ನು ನಿರ್ಣಯಿಸಲು ಶಿಶುವಿನ ಬೆಳವಣಿಗೆಯ ತಿಳಿವಳಿಕೆ ಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ ಮಗುಚುವುದು, ಎಂಟು ಒಂಬತ್ತರ ಸುಮಾರಿಗೆ ಅಂಬೆಗಾಲಿಡುವುದು, ವರ್ಷದ ಸುಮಾರಿಗೆ ಹೆಜ್ಜೆಯಿಡುವುದು ಮಕ್ಕಳ ಕ್ರಮ. ಎರಡು ತಿಂಗಳ ಕೂಸು ತಾನೇ ಹೊರಳಿ ಬಿದ್ದು ತೊಡೆ ಮುರಿದುಕೊಂಡಿತೆಂಬ ಮಾತು ಆ ಕೂಸಿನ ಶಕ್ತಿಗೆ ಮೀರಿದುದು. ಹೆಜ್ಜೆಯಿಡಲು ಕಲಿತ ಮಗುವು ಕಾಲು ತಿರುಚಿ ಬಿದ್ದು ಮೊಳಕಾಲಿನ ಕೆಳಗಿನ ದೊಡ್ಡ ಎಲುಬಿಗೆ ಸುರುಳಿಯಾಕಾರದ ಬಿರುಕನ್ನು ಮಾಡಿಕೊಳ್ಳುವುದಾದರೋ ನಿರ್ದೋಷವಾದ, ಸಾಮಾನ್ಯವಾದ ಘಟನೆ. ಒಂದೇ ಬಗೆಯ ಭಂಗವು ಎರಡು ತಿಂಗಳಲ್ಲಿ ಒಂದು ಅರ್ಥವನ್ನೂ ಹದಿನೈದು ತಿಂಗಳಲ್ಲಿ ಇನ್ನೊಂದು ಅರ್ಥವನ್ನೂ ಕೊಡುವುದು. ತಡವಾಗಿ ಬಂದುದೂ ಒಂದು ಸೂಚನೆಯೇ. ಆದರೆ ದೂರದ ಹಳ್ಳಿ, ಕೈಯಲ್ಲಿ ಹಣವಿಲ್ಲದಿರುವಿಕೆ, ಮೊದಲು ನಾಟಿ ವೈದ್ಯರ ಬಳಿಗೆ ಹೋದುದು ಇವೂ ತಡಕ್ಕೆ ಕಾರಣಗಳಾಗಬಲ್ಲವು.

೬. ಎಲುಬು ನುಡಿದ ಸಾಕ್ಷಿಯ ಇತಿಹಾಸ

ಶಿಶುವಿನ ಎಲುಬು ಮನೆಯೊಳಗಿನ ಹಿಂಸೆಗೆ ಸಾಕ್ಷಿಯಾಗಬಲ್ಲುದೆಂಬುದನ್ನು ವೈದ್ಯಲೋಕವು ಬಹಳ ತಡವಾಗಿ ಒಪ್ಪಿತು. ಪ್ಯಾರಿಸಿನ ನ್ಯಾಯವೈದ್ಯ ಆಂಬ್ರ್ವಾಸ್ ತಾರ್ದ್ಯೂ ೧೮೬೦ರಲ್ಲಿ ಮಕ್ಕಳ ಮೇಲಿನ ಕ್ರೌರ್ಯದ ೩೨ ಪ್ರಕರಣಗಳನ್ನು ವಿವರಿಸಿ ಬರೆದನು. ಅದನ್ನು ಗಮನಿಸಿದವರು ಸ್ವಲ್ಪ. ೧೮೯೫ರಲ್ಲಿ ರಂಟ್ಗೆನ್ ಕ್ಷ-ಕಿರಣವನ್ನು ಕಂಡುಹಿಡಿದುದರಿಂದ ಜೀವಂತ ಶಿಶುವಿನ ಎಲುಬನ್ನು ನೋಡುವ ಸಾಧನ ದೊರೆಯಿತು. ಆದರೂ ಅರ್ಧ ಶತಮಾನದ ಬಳಿಕ, ೧೯೪೬ರಲ್ಲಿ, ನ್ಯೂಯಾರ್ಕಿನ ಜಾನ್ ಕ್ಯಾಫಿ ಎಂಬ ವೈದ್ಯನು ಮೆದುಳಿನ ಹೊದಿಕೆಯಡಿ ರಕ್ತ ಸೇರಿದ್ದ ಆರು ಶಿಶುಗಳ ಉದ್ದೆಲುಬುಗಳಲ್ಲಿ ೨೩ ಭಂಗಗಳನ್ನು ಕಂಡು ಪ್ರಕಟಿಸುವವರೆಗೆ ಈ ವಿಚಾರವು ಮುಂದುವರಿಯಲಿಲ್ಲ. ಆ ಶಿಶುಗಳಲ್ಲಿ ಎಲುಬಿನ ರೋಗವಿರಲಿಲ್ಲ; ಭಂಗಗಳಿಗೆ ತಕ್ಕ ಪೆಟ್ಟಿನ ವೃತ್ತಾಂತವನ್ನೂ ಯಾರೂ ಹೇಳಿರಲಿಲ್ಲ. ಮೈಗೂ ಮಾತಿಗೂ ಹೊಂದಿಕೆಯಿಲ್ಲವೆಂಬುದನ್ನು ಕ್ಯಾಫಿ ಕಂಡನು. ಕಾರಣವನ್ನು ಮಾತ್ರ ಬಿಚ್ಚಿ ಹೇಳಲಿಲ್ಲ. ೧೯೫೩ರಲ್ಲಿ ಫ್ರೆಡರಿಕ್ ಸಿಲ್ವರ್ಮನ್, ಗುರುತಿಸದೆ ಹೋದ ಪೆಟ್ಟೇ ಇಂಥ ಭಂಗಗಳಿಗೆ ಕಾರಣವೆಂದು ಪ್ರತಿಪಾದಿಸಿದನು. ೧೯೬೨ರಲ್ಲಿ ಕೊಲರಾಡೋದ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಹೊಡೆತಕ್ಕೆ ಸಿಕ್ಕಿದ ಮಗುವಿನ ಲಕ್ಷಣಸಮುಚ್ಚಯಕ್ಕೆ ಒಂದು ಹೆಸರನ್ನೇ ಕೊಟ್ಟು ಬರೆದ ಮೇಲೆ ವೈದ್ಯರೂ ಶಾಸನಕರ್ತರೂ ಎಚ್ಚತ್ತರು.

ಎಲ್ಲ ಭಂಗಗಳಿಗೂ ಸಮಾನವಾದ ಸಾಕ್ಷ್ಯಬಲವಿಲ್ಲ. ಶಿಶುವಿನ ಪಕ್ಕೆಲುಬುಗಳು, ಅದರಲ್ಲಿಯೂ ಬೆನ್ನೆಲುಬಿನ ಬಳಿ ಮುರಿದವು, ಎದೆಯನ್ನು ಹಿಡಿದು ಬಲವಾಗಿ ಅದುಮಿದುದನ್ನು ಸೂಚಿಸುವುವು. ಉದ್ದೆಲುಬಿನ ಬೆಳೆಯುವ ತುದಿಯಲ್ಲಿ ಕಾಣುವ ತೆಳುವಾದ ಬಿರುಕು ಕೈಕಾಲುಗಳನ್ನು ಹಿಡಿದು ಜಗ್ಗಿದುದನ್ನು ಅಥವಾ ಶಿಶುವನ್ನು ಕುಲುಕಿದುದನ್ನು ಸೂಚಿಸುವುದು. ಇದರ ಅಂತಃಸ್ವರೂಪವನ್ನು ೧೯೮೬ರಲ್ಲಿ ಪಾಲ್ ಕ್ಲೈನ್ಮನ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಿಂದ ನಿರೂಪಿಸಿದರು. ಹೆಗಲಹಲಗೆ, ಎದೆಮೂಳೆಗಳ ಭಂಗವೂ ವಾಸಿಯ ಬೇರೆ ಬೇರೆ ಹಂತಗಳಲ್ಲಿರುವ ಹಲವು ಭಂಗಗಳೂ ಇಂಥವೇ. ಇದಕ್ಕೆ ಪ್ರತಿಯಾಗಿ ಕೊರಳೆಲುಬಿನ ಭಂಗವೂ ತಲೆಬುರುಡೆಯ ಸರಳರೇಖೆಯ ಬಿರುಕೂ ಸಾಧಾರಣವಾದ ಬೀಳುವಿಕೆಯಿಂದಲೂ ಆಗಬಲ್ಲವು. ಶಂಕೆಯಿರುವಲ್ಲಿ ಎರಡು ವರ್ಷದೊಳಗಿನ ಮಕ್ಕಳ ಎಲ್ಲ ಎಲುಬುಗಳ ಚಿತ್ರವನ್ನು ತೆಗೆದು, ಸುಮಾರು ಎರಡು ವಾರಗಳ ಬಳಿಕ ಮತ್ತೊಮ್ಮೆ ತೆಗೆಯುವುದು ಈಗ ಅಂಗೀಕೃತವಾದ ಪದ್ಧತಿ. ಮೊದಲು ಅವ್ಯಕ್ತವಾಗಿದ್ದ ಬಿರುಕು ಆ ವೇಳೆಗೆ ಹೊಸ ಎಲುಬಿನಿಂದ ವ್ಯಕ್ತವಾಗಿರುವುದು.

೭. ಇನ್ನೊಂದು ಬಗೆಯ ತಪ್ಪು

ಹೊಂದಿಕೆಯಿಲ್ಲದ ಮಾತೆಲ್ಲವೂ ಸುಳ್ಳಲ್ಲ. ಎಲುಬೇ ಬಲಹೀನವಾಗಿದ್ದರೆ ಅಲ್ಪ ಕಾರಣದಿಂದಲೂ ಮುರಿಯುವುದು; ಮನೆಯವರಿಗೆ ಪೆಟ್ಟಿನ ನೆನಪಿರುವುದಿಲ್ಲ, ಏಕೆಂದರೆ ಹೇಳತಕ್ಕ ಪೆಟ್ಟೇ ಇರಲಿಲ್ಲ. 'ಡಿ' ಜೀವಸತ್ತ್ವದ ಕೊರತೆಯಿಂದ ಬರುವ ರಿಕೆಟ್ಸ್ ಇವುಗಳಲ್ಲಿ ನಮ್ಮ ದೇಶಕ್ಕೆ ಹತ್ತಿರವಾದುದು. ಮಣಿಕಟ್ಟು ಅಗಲವಾಗಿರುವುದು, ಪಕ್ಕೆಲುಬುಗಳ ತುದಿಗಳು ಮಣಿಸರದಂತೆ ಉಬ್ಬುವುದು, ತಲೆಬುರುಡೆ ಒತ್ತಿದರೆ ತಗ್ಗುವುದು ಇದರ ಲಕ್ಷಣಗಳು. ಬಿಸಿಲು ಧಾರಾಳವಾದ ನಾಡಿನಲ್ಲಿಯೂ ಮನೆಯೊಳಗೇ ಬೆಳೆಯುವ, ಕೊರತೆಯುಳ್ಳ ತಾಯಿಯ ಎದೆಹಾಲನ್ನೇ ಉಣ್ಣುವ ಶಿಶುವಿಗೆ ಇದು ಬರಬಹುದಾದುದರಿಂದ ಶಿಶುಗಳಿಗೆ ದಿನಕ್ಕೆ ೪೦೦ ಯೂನಿಟ್ಟಿನಂತೆ ಈ ಸತ್ತ್ವವನ್ನು ಕೊಡಬೇಕೆಂದು ಭಾರತೀಯ ಮಕ್ಕಳ ವೈದ್ಯರ ಸಂಘವು ವಿಧಿಸಿದೆ. ದಿನ ತುಂಬುವುದಕ್ಕೆ ಬಹಳ ಮುಂಚೆ ಹುಟ್ಟಿದ ಕೂಸುಗಳ ಎಲುಬಿನಲ್ಲಿ ಸುಣ್ಣದ ಅಂಶವು ಕಡಿಮೆ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಹುಟ್ಟುರೋಗವು ಸುಮಾರು ೧೫,೦೦೦ದಿಂದ ೨೦,೦೦೦ ಜನನಗಳಲ್ಲಿ ಒಂದರಲ್ಲಿ ಕಾಣುವುದು. ಕಣ್ಣಿನ ಬಿಳಿಯ ಭಾಗವು ನೀಲಿಯಾಗಿರುವುದು, ವಂಶದಲ್ಲಿ ಮತ್ತೆ ಮತ್ತೆ ಎಲುಬು ಮುರಿದವರೋ ಎಳೆಯ ವಯಸ್ಸಿನಲ್ಲಿಯೇ ಕಿವಿ ಮಂದವಾದವರೋ ಇರುವುದು ಇದರ ಸೂಚನೆಗಳು. ಕಣ್ಣು ನೀಲಿಯಲ್ಲವೆಂಬ ಮಾತ್ರಕ್ಕೆ ರೋಗವಿಲ್ಲವೆಂದೂ ಹೇಳಲಾಗದು.

ಆದುದರಿಂದ ತಿಂಗಳು ತುಂಬಿ ಹುಟ್ಟಿತೆ, ಯಾವ ಆಹಾರ, ಯಾವ ಔಷಧ, ವಂಶದಲ್ಲಿ ಯಾರಿಗಾದರೂ ಹೀಗಾಗಿದೆಯೆ ಎಂಬ ಪ್ರಶ್ನೆಗಳನ್ನು ಎಲ್ಲರಿಗೂ ಒಂದೇ ಸಮನಾಗಿ ಕೇಳಬೇಕು. ಉಡುಗೆತೊಡುಗೆ ಚೆನ್ನಾಗಿರುವವರನ್ನು ಕೇಳದೆ ಬಿಟ್ಟು ಬಡವರನ್ನು ಮಾತ್ರ ಕೆದಕಿ ಕೇಳುವುದು ಪರೀಕ್ಷೆಯಲ್ಲ, ಪಕ್ಷಪಾತ. ರೋಗವಿರುವುದೂ ಹಿಂಸೆ ನಡೆಯುವುದೂ ಒಂದೇ ಶಿಶುವಿನಲ್ಲಿ ಕೂಡಿಯೂ ಇರಬಹುದೆಂಬುದನ್ನು ಮರೆಯಬಾರದು.

೮. ಬರವಣಿಗೆಯ ಧರ್ಮ

ನಿರ್ಣಯವು ಶುಶ್ರೂಷಕಿಯೊಬ್ಬಳದೇ ಅಲ್ಲ. ಮಕ್ಕಳ ವೈದ್ಯರು, ಎಲುಬಿನ ವೈದ್ಯರು, ಕ್ಷ-ಕಿರಣ ತಜ್ಞರು, ಸಮಾಜಸೇವಕರು ಕೂಡಿ ಅದನ್ನು ಮಾಡುವರು. ಅವಳ ಮುಖ್ಯ ಕಾರ್ಯವು ಸಾಕ್ಷಿಯನ್ನು ಕೆಡದಂತೆ ಉಳಿಸುವುದು. 'ಬಲತೋಳಿನ ಹೊರಭಾಗದಲ್ಲಿ ಎರಡು ಸೆಂಟಿಮೀಟರಿನ ಕಂದುಗುರುತು' ಎಂಬುದು ಕಂಡುದು. 'ಹಿಡಿದು ಅದುಮಿದ ಗುರುತು' ಎಂಬುದು ಊಹೆ. 'ತಾಯಿಯು ಪ್ರಶ್ನೆಗೆ ಉತ್ತರ ಕೊಡಲಿಲ್ಲ' ಎಂಬುದು ಕಂಡುದು; 'ತ���ಯಿಯು ಮುಚ್ಚಿಡುತ್ತಿದ್ದಾಳೆ' ಎಂಬುದು ಊಹೆ. ಹಸ್ತಪ್ರತಿಯನ್ನು ಸಂಪಾದಿಸುವವರು ಮೂಲಪಾಠವನ್ನು ಮೇಲಿಟ್ಟು ತಮ್ಮ ತಿದ್ದುಪಡಿಯನ್ನು ಬೇರೆಯಾಗಿ ತೋರಿಸುವಂತೆ, ಇಲ್ಲಿಯೂ ಕಂಡುದನ್ನೂ ಕೇಳಿದುದನ್ನೂ ಊಹಿಸಿದುದನ್ನೂ ಬೇರೆ ಬೇರೆ ಪಂಕ್ತಿಗಳಲ್ಲಿ, ದಿನಾಂಕ ವೇಳೆಗಳೊಡನೆ ಬರೆಯತಕ್ಕದ್ದು. ಎರಡನೆಯ ಸಲ ಹೇಳಿದುದು ಮೊದಲ ಸಲಕ್ಕಿಂತ ಭಿನ್ನವಾದರೆ ಮೊದಲಿನದನ್ನು ಅಳಿಸದೆ ಎರಡನ್ನೂ ಉಳಿಸಬೇಕು.

ಶಂಕೆಗೆ ಆಧಾರವಿದ್ದಾಗ ಮೌನವು ಧರ್ಮವಲ್ಲ. ಭಾರತದಲ್ಲಿ ೨೦೧೫ರ ಬಾಲನ್ಯಾಯ ಕಾಯಿದೆಯ ೭೫ನೆಯ ಪ್ರಕರಣವು ಮಗುವಿನ ಹೊಣೆ ಹೊತ್ತವರು ಮಾಡುವ ಕ್ರೌರ್ಯವನ್ನು ಶಿಕ್ಷಾರ್ಹವೆಂದು ವಿಧಿಸಿದೆ; ಜಿಲ್ಲೆಗಳಲ್ಲಿ ಮಕ್ಕಳ ಕಲ್ಯಾಣ ಸಮಿತಿಗಳಿವೆ; ೧೦೯೮ ಎಂಬ ಸಹಾಯವಾಣಿಯಿದೆ. ವೈದ್ಯರಿಗೆ ತಿಳಿಸುವುದು, ಆಸ್ಪತ್ರೆಯ ಕ್ರಮದಂತೆ ಕಾನೂನಿಗೆ ಸಂಬಂಧಪಟ್ಟ ಪ್ರಕರಣವಾಗಿ ದಾಖಲಿಸುವುದು, ನಿರ್ಣಯವಾಗುವವರೆಗೆ ಶಿಶುವನ್ನು ಸುರಕ್ಷಿತವಾಗಿ ಇರಿಸಿಕೊಳ್ಳುವುದು ಕರ್ತವ್ಯ. ಆ ಅವಧಿಯಲ್ಲಿ ತಾಯಿತಂದೆಗಳನ್ನು ಅಪರಾಧಿಗಳಂತೆ ಕಾಣದೆ, ಏನು ಪರೀಕ್ಷೆ ನಡೆಯುತ್ತಿದೆ, ಏತಕ್ಕಾಗಿ ಎಂಬುದನ್ನು ಮರ್ಯಾದೆಯಿಂದ ತಿಳಿಸುವುದೂ ಕರ್ತವ್ಯವೇ. ಅವರು ನಿರ್ದೋಷಿಗಳಾಗಿದ್ದರೆ ಮುರಿದ ಎಲುಬಿನ ಶಿಶುವನ್ನು ಎತ್ತಿಕೊಳ್ಳುವ, ಮಲಗಿಸುವ, ಪಟ್ಟಿ ಒದ್ದೆಯಾಗದಂತೆ ನೋಡಿಕೊಳ್ಳುವ ಬಗೆಯನ್ನು ಅದೇ ಶುಶ್ರೂಷಕಿಯಿಂದಲೇ ಅವರು ಕಲಿಯಬೇಕಾಗಿದೆ.

ಎರಡು ವಾರಗಳ ಮೇಲೆ ತೆಗೆದ ಚಿತ್ರವು ಮೊದಲಿನದಕ್ಕಿಂತ ಹೆಚ್ಚನ್ನು ಹೇಳಬಹುದು. ಅಷ್ಟರಲ್ಲಿ ಕಂದುಗುರುತು ಮಾಸಿರುವುದು, ಊತ ಇಳಿದಿರುವುದು, ಹೇಳಿದವರ ನೆನಪೂ ಬದಲಾಗಿರುವುದು. ಆಗ ಶಿಶುವಿನ ಪರವಾಗಿ, ಇಲ್ಲವೆ ಅದರ ಮನೆಯವರ ಪರವಾಗಿ ಉಳಿದಿರುವುದು ಮೊದಲ ದಿನ ಬರೆದಿಟ್ಟ ಆ ಒಂದು ಪುಟ. ಅದು ಎಷ್ಟು ಯಥಾರ್ಥವಾಗಿದೆಯೋ ಅಷ್ಟೇ ಮಟ್ಟಿಗೆ ಮುಂದಿನ ನಿರ್ಣಯವೂ ನ್ಯಾಯವಾಗುವುದು.